ನಾಲ್ಕು ಕಾಲಿನವರ ಲಾಯ

ಒಂದಾನೊಂದು ಕಾಲದಲ್ಲಿ, ಮನುಷ್ಯರಿಗಿಂತ ಕುದುರೆಗೇ ಮರ್ಯಾದೆ ಜಾಸ್ತಿ ಇದ್ದ ಕಾಲದಲ್ಲಿ, ಕೆಂಗಪ್ಪನಾಯಕ ಅಂತ ಒಬ್ಬ ಪಾಳೇಗಾರ ಇದ್ದನಂತೆ. ಒದೀಬೇಡ ಮಗಾ, ಕಂಬಳಿ ಹೊದ್ಕೊಂಡು ಕೇಳು. ಅವನು ಕೋಟೆ ಪಕ್ಕದಲ್ಲಿ ಕುದುರೆ ಲಾಯ ಕಟ್ಟಿಸಿದನಂತೆ. ಎಂಥ ಲಾಯ ಅಂತೀಯ! ನಡುವೆ ಚಪ್ಪಡಿ ಹಾಸಿದ ದೊಡ್ಡ ಅಂಗಳ, ಸುತ್ತ ನಾಲ್ಕೂ ಕಡೆ ಕಮಾನಿನ ಪಡಸಾಲೆ, ಒಂದೊಂದು ಕಮಾನಿನ ಕೆಳಗೆ ಒಂದೊಂದು ಕುದುರೆ. ಹುಲ್ಲಿಗೆ ಕಲ್ಲಿನ ಗೋದಲಿ, ಎಳೆಬಿಸಿಲು ಬೀಳಲಿ ಅಂತ ಮೂಡಣಕ್ಕೆ ಕಿಂಡಿ, ಕುದುರೆ ಮೈ ಉಜ್ಜಿಕೊಂಡರೆ ತರಚಬಾರದು ಅಂತ ಕಂಬದ ಮೂಲೆಯನ್ನೆಲ್ಲ ಗುಂಡಗೆ ತಿದ್ದಿಸಿದ್ದನಂತೆ! ಆ ಕುದುರೆಗಳ ಮೈ ತಿಕ್ಕೋ ಜನಕ್ಕೆ ಏನು ಕೊಟ್ಟನಂತೆ ಗೊತ್ತಾ? ಗೋಡೆ ಆಚೆ, ಬಟಾಬಯಲಲ್ಲಿ, ಸೋಗೆ ಗುಡಿಸಲು. ನೆನೆಸ್ಕೊಂಡರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತೆ.

ಸಾಲದು ಅಂತ ಹೆಬ್ಬಾಗಿಲ ಮೇಲೆ ಕಲ್ಲಲ್ಲಿ ಕೆತ್ತಿಸಿದನಂತೆ, ಈ ಸೂರಿನ ಕೆಳಗೆ ನಾಲ್ಕು ಕಾಲಿನವರಿಗೆ ಮಾತ್ರ ಜಾಗ ಅಂತ. ಕೆಲಸದವರು ಹುಲ್ಲು ಹಾಕಬೇಕು, ಲದ್ದಿ ಬಾಚಬೇಕು, ಹೊರಗೆ ಬರಬೇಕು, ಒಂದು ಗಳಿಗೆ ಕೂರೋ ಹಾಗಿಲ್ಲ. ನಾಯಕನೂ ಅಂಗಳದಲ್ಲೇ ನಿಂತು ಕುದುರೆ ತರಿಸ್ಕೊತಿದ್ದನಂತೆ. ಕಲ್ಲಲ್ಲಿ ಬರೆಸಿದ ಮಾತು ನನಗೂ ಒಂದೇ ಅಂತ ಜಂಬ ಬೇರೆ!

ಆಮೇಲೆ, ಲಾಯದ ಕೆಲಸದ ಗ್ಯಾನಪ್ಪನ ಹೆಂಡತಿ ಕೊಟ್ರವ್ವ ಅಂತ, ತುಂಬು ಬಸುರಿ. ಗುಡಿಸಲು ಸೋರುತ್ತೆ ಬುದ್ಧೀ, ಹೆರಿಗೆ ಆಗೋ ತನಕ ಒಂದು ಮೂಲೆ ಕೊಡಿ ಅಂತ ಹೋಗಿ ಕೇಳಿದಳಂತೆ. ನಾಯಕ ಕಲ್ಲು ತೋರಿಸಿ, ನಿನಗೆಷ್ಟು ಕಾಲಮ್ಮ ಅಂದನಂತೆ. ಬಸುರಿ ಹೆಂಗಸನ್ನ ಕೇಳೋ ಮಾತೇ ಅದು?

ಆಮೇಲೆ ಹೆಣ್ಣು ಕೂಸು ಹುಟ್ಟಿತು, ಕೆಂಚಿ ಅಂತ ಹೆಸರಿಟ್ಟರು, ಕೂಸಿಗೆ ಶೀತ ಆಗಿ ಎದೆ ಗೊರಗೊರ ಅನ್ನೋಕೆ ಶುರುವಾಯ್ತು. ಕೊಟ್ರವ್ವ ಅದನ್ನ ಸೆರಗಲ್ಲಿ ಸುತ್ಕೊಂಡು ಎರಡನೇ ಸಲ ಹೋದಳಂತೆ. ನನ್ನವೆರಡು, ಕೂಸಿನವೆರಡು, ನಾಲ್ಕಾಯ್ತಲ್ಲ ಬುದ್ಧೀ ಅಂದಳಂತೆ. ಕೂಡಿಸೋ ಹಾಗಿಲ್ಲ, ಒಬ್ಬೊಬ್ಬರಿಗೂ ನಾಲ್ಕು ಇರಬೇಕು ಅಂತ ನಾಯಕ ಹೊಟ್ಟೆ ಹಿಡ್ಕೊಂಡು ನಕ್ಕನಂತೆ. ಅವನ ನಗುವಿಗಿಷ್ಟು ಬೆಂಕಿ ಹಾಕ! ಕೊಟ್ರವ್ವ ಹಲ್ಲು ಕಚ್ಕೊಂಡು ವಾಪಸ್ ಬಂದಳಂತೆ.

ಆಮೇಲೆ ಹೇಗೋ ಕೂಸು ಬದುಕಿ, ಅಂಬೆಗಾಲಿಡೋಕೆ ಕಲಿತಿತಂತೆ. ಮುಂಗಾರು ಹತ್ತಿರ ಬಂತು, ಗುಡಿಸಲು ಇನ್ನೊಂದು ಮಳೆಗೆ ನಿಲ್ಲೋ ಹಾಗಿರಲಿಲ್ಲ. ಒಂದು ದಿನ ಮೋಡ ಕಪ್ಪಾಗಿದ್ದು ನೋಡಿ ಕೊಟ್ರವ್ವ ಕೆಂಚಿನ ತಂದು ಪಡಸಾಲೆ ಅಂಚಲ್ಲಿ ಇಳಿಸಿಬಿಟ್ಟಳಂತೆ. ಅದು ಅಂಬೆಗಾಲಲ್ಲೇ ದುಡುದುಡು ಒಳಗೆ ಹೋಗಿ ಬೂದು ಕುದುರೆ ಪಕ್ಕ ಹುಲ್ಲಲ್ಲಿ ಕೂತಿತು. ಕಾವಲಿನವನು ಓಡಿ ಬಂದ. ಮುಟ್ಟಬೇಡಪ್ಪ, ಕೂಸು ಹೇಗೆ ಹೋಯ್ತು ಅಂತ ನೋಡಿದೆಯಲ್ಲ, ಕಾಲು ಎಣಿಸ್ಕೋ ಅಂದಳಂತೆ ಕೊಟ್ರವ್ವ. ಅವನು ತಲೆ ಕೆರ್ಕೊಂಡು ನಾಯಕನ್ನೇ ಕರ್ಕೊಂಡು ಬಂದನಂತೆ.

ನಾಯಕ ಬುಸುಗುಡ್ತಾ ಅಂಗಳದ ಮಧ್ಯಕ್ಕೆ ಬಂದನೋ ಇಲ್ಲವೋ, ಪಟಪಟ ಅಂತ ಆಲಿಕಲ್ಲು! ರುಮಾಲು ಹಾರಿತು, ಬೋಳು ತಲೆ ಮೇಲೆ ಟಣ್ ಟಣ್. ಪಡಸಾಲೆಗೆ ಓಡಿದನಂತೆ. ಕೊಟ್ರವ್ವ ನೆನೀತಾ ಅಡ್ಡ ನಿಂತು, ಬುದ್ಧೀ, ತಮಗೆಷ್ಟು ಕಾಲು ಅಂದಳಂತೆ.

ಆಮೇಲೇನಜ್ಜಿ ಅಂತೀಯಾ? ಆಮೇಲೇನು, ಊರಿಗೂರೇ ಹೆಬ್ಬಾಗಿಲಲ್ಲಿ ನೋಡ್ತಾ ನಿಂತಿತ್ತು. ಮಾತು ಮುರಿಯೋ ಹಾಗಿಲ್ಲ, ಆಲಿಕಲ್ಲು ನಿಲ್ಲೋ ಹಾಗಿಲ್ಲ. ಪಾಳೇಗಾರ ಮಂಡಿಯೂರಿ, ಕೈಯೂರಿ, ಅಂಬೆಗಾಲಲ್ಲಿ ಒಳಗೆ ಹೋದನಂತೆ! ಕೆಂಚಿ, ನನ್ನ ಜೊತೆ ಆಡೋಕೆ ಬಂದ ಅಂದ್ಕೊಂಡು ಅವನ ಮೀಸೆ ಹಿಡ್ಕೊಂಡು ಕಿಲಕಿಲ ನಕ್ಕಳಂತೆ.

ಹುಲ್ಲಲ್ಲಿ ಕೂತು ನೋಡ್ತಾನೆ, ಮೈ ಕೆಳಗೆ ಬೆಚ್ಚಗಿದೆ, ಹೆಬ್ಬಾಗಿಲಾಚೆ ಗುಡಿಸಲು ನೆಲಸಮ ಆಗಿದೆ. ಇವನ ಮಾತು ನಡೆದಿದ್ದರೆ ಆ ಕೂಸು ಅದರೊಳಗೇ ಇರ್ತಿತ್ತು. ನಾಯಕ ತಲೆ ತಗ್ಗಿಸಿದನಂತೆ. ಆಮೇಲೆ ಕಲ್ಲಿನ ಬರಹ ಕೆರೆಸಿ ತೆಗೆಸಿ, ಪಡುವಣದ ಪಡಸಾಲೆಗೆ ಗೋಡೆ ಎತ್ತಿಸಿ, ಕೆಲಸದವರಿಗೆಲ್ಲ ಮನೆ ಮಾಡಿಕೊಟ್ಟನಂತೆ.

ಕೆಂಚಿ ಆ ಗುಂಡನೆ ಕಂಬ ಹಿಡ್ಕೊಂಡೇ ಎದ್ದು ನಿಲ್ಲೋದು ಕಲಿತಳಂತೆ, ಕೈ ತರಚಲೂ ಇಲ್ಲ. ಎರಡು ಕಾಲ ಮೇಲೆ ನಿಂತಳು, ಹೊರಗೆ ನಡಿ ಅಂತ ಯಾರೂ ಅನ್ನಲಿಲ್ಲ. ಕತೆ ಮುಗೀತು, ನನ್ನ ಸಿಟ್ಟು ಮುಗೀಲಿಲ್ಲ, ನೀನು ಮಲಕ್ಕೋ.