ಬಾಗಿಲು ಮುಚ್ಚಿದ ತವರು

ಡಂಗುರದವನು ಬೀದಿಬೀದಿಯಲ್ಲಿ ಸಾರಿದ: “ಕೇಳಿರಪ್ಪಾ ಕೇಳಿ. ಹೆರಿಗೆಗೆ ತವರಿಗೆ ಬಂದಿರುವ ಅರಸುಮಗಳು ಪದ್ಮಲೆಯ ಬಯಕೆ ಮೂರು ಒಗಟು. ಬಿಡಿಸಿದವರಿಗೆ ಕೇಳಿದ್ದು ಸಿಗುವುದು, ತಪ್ಪಿದವರ ತಲೆ ಹೋಗುವುದು.”

ತಲೆಯ ಷರತ್ತು ಅರಸನದು. ಇಲ್ಲದಿದ್ದರೆ ಊರಿನ ಸೋಮಾರಿಗಳೆಲ್ಲ ಸಾಲುಗಟ್ಟುತ್ತಾರೆಂದು ಅವನ ಎಣಿಕೆ.

ಸಭೆಯಲ್ಲಿ ಪದ್ಮಲೆ ಮೂರನ್ನೂ ಒಟ್ಟಿಗೇ ಕೇಳಿದಳು: “ಹೆತ್ತು ಮುಚ್ಚಿಟ್ಟು ಹೋಗುತ್ತಾಳೆ, ಅವಳ ಹೆಜ್ಜೆಯೇ ಕಳ್ಳನಿಗೆ ದಾರಿ ತೋರುತ್ತದೆ. ಯಾರವಳು? ಹುಟ್ಟಿದ ಕೂಡಲೇ ಬೆಳಕಿನತ್ತ ಓಡಿ ಸಾಯುತ್ತವೆ. ಯಾವುವು? ಎಷ್ಟೋ ವರ್ಷದ ಮೇಲೆ ಹೆರಲು ತವರಿಗೆ ಬಂದವಳು ಹೆರದೆ ಹಿಂದಿರುಗುತ್ತಾಳೆ. ಬಾಗಿಲು ಮುಚ್ಚಿದವರು ಯಾರು?”

ಪಂಡಿತನೊಬ್ಬ ಮೊದಲನೆಯದಕ್ಕೇ ಕೋಗಿಲೆ ಎಂದ. ದಳವಾಯಿ ಎರಡನೆಯದಕ್ಕೆ ದೀಪದ ಹುಳು ಎಂದ. ಬಸುರಿಯಿರುವ ಮನೆಯಲ್ಲಿ ಜೀವ ತೆಗೆಯಬಾರದೆಂದು ಇಬ್ಬರನ್ನೂ ಹೆರಿಗೆಯವರೆಗೆ ಸೆರೆಯಲ್ಲಿಟ್ಟರು.

ಮೂರನೆಯವನು ಜಟ್ಟು. ಕಡಲದಂಡೆಗೆ ಕಟ್ಟಿದ ಅರಮನೆ ಗೋಡೆಯ ಮೇಲೆ ಸಂಜೆ ದೀಪ ಹಚ್ಚುವುದು, ಬೆಳಿಗ್ಗೆ ಗೋಡೆಯ ಬುಡ ಗುಡಿಸುವುದು ಅವನ ಊಳಿಗ. ಗುಡಿಸಿದ್ದನ್ನು ನೋಡಿ ನೋಡಿ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಒಗಟು ಕಿವಿಗೆ ಬಿದ್ದ ದಿನವೇ ಉತ್ತರ ಹೊಳೆದಿತ್ತು. ಮೂರನೆಯದನ್ನು ಹೇಳುವ ಧೈರ್ಯ ಬರಲು ಎಂಟು ದಿನ ಹಿಡಿಯಿತು.

“ಮೊದಲನೇದು ಕಡಲಾಮೆ, ತಾಯೀ. ಮೊಟ್ಟೆ ಇಟ್ಟು ಮರಳು ಮುಚ್ತದೆ, ತೆವಳಿದ ಗುರುತು ಅಳಿಸೂಕೆ ಅದಕ್ಕೆ ಬರೂದಿಲ್ಲ. ಆ ಗುರುತು ಹಿಡ್ಕಂಡೇ ನರಿ ಬರ್ತದೆ, ಮೊಟ್ಟೆ ಕದಿಯುವವ ಬರ್ತಾನೆ. ನಮ್ಮವ್ವ ಬೆಳಿಗ್ಗೆ ತೆಂಗಿನ ಗರಿಯ ಮಡಲು ಎಳ್ದು ಅಳಿಸ್ತಿದ್ಲು.”

“ಎರಡನೆಯದು?”

“ಅದ್ರ ಮರಿ. ಗೋಡೆ ಮುಗಿಯೂ ಕಡೆ ಮರಳಲ್ಲಿ ಹುಟ್ತವೆ. ಹೊಳೆಯೂದೇ ಕಡಲು ಅಂತ ಅದ್ರ ಲೆಕ್ಕ. ಗೋಡೆಯ ದೀಪ ಕಡಲಿಗಿಂತ ಹೊಳೀತದೆ. ಅಲ್ಲಿಗೆ ಬಂದು ಬಿಸಿಲಿಗೆ ಒಣಗ್ತವೆ, ಕಾಗೆಗೆ ಸಿಗ್ತವೆ. ದೀಪ ಹಚ್ಚುವವ ನಾನೇ, ಬೆಳಿಗ್ಗೆ ಅವನ್ನ ಗುಡಿಸುವವನೂ ನಾನೇ.”

“ಮೂರನೆಯದು?” ಈ ಸಲ ಅರಸನೇ ಕೇಳಿದ.

ಜಟ್ಟು ಕೈ ಮುಗಿದ. “ಹುಟ್ಟಿದ ದಂಡೆಗೇ ಅದು ಹೆರೂಕೆ ಬರ್ತದೆ. ಈಗ ಗೋಡೆಗೆ ತಲೆ ಕುಟ್ಟಿ ತಿರುಗಿ ಹೋಗ್ತದೆ. ಗೋಡೆ ಕಟ್ಟಿಸಿದವ್ರು ತಾವು, ಒಡೆಯಾ.”

ಅರಸನ ಕೈ ಕತ್ತಿಗೆ ಹೋಯಿತು.

“ಉತ್ತರ ಸರಿಯಿದೆ, ಅಪ್ಪಾಜಿ,” ಎಂದಳು ಪದ್ಮಲೆ. “ಕಿಟಕಿಯಿಂದ ಎಲ್ಲ ನೋಡಿದ್ದೇನೆ. ನಾನೇ ಹೇಳಿದ್ದರೆ ಬಸುರಿಯ ಹುಚ್ಚು ಎಂದುಬಿಡುತ್ತಿದ್ದಿರಿ.”

ಅರಸ ಕತ್ತಿಯಿಂದ ಕೈ ತೆಗೆದ. ಆಮೇಲೆ ಜಟ್ಟುವಿಗೆ, “ಏನು ಬೇಕೋ ಕೇಳು,” ಎಂದ.

ಗೋಡೆ ಒಡೆಸಬೇಕು, ಮರಿ ಹೊರಡುವ ತಿಂಗಳುಗಳಲ್ಲಿ ದೀಪ ಬೇಡ ಎಂದ ಜಟ್ಟು. ತನ್ನ ಕೆಲಸವೂ ಹೋಯಿತೆಂದು ಆಮೇಲೆ ಹೊಳೆದು ತಲೆ ಕೆರೆದುಕೊಂಡ. ಅರಸ ಅವನನ್ನು ಇಡೀ ದಂಡೆಯ ಕಾವಲಿಗೆ ನೇಮಿಸಿದ. ಪಂಡಿತನೂ ದಳವಾಯಿಯೂ ತಲೆ ಉಳಿಸಿಕೊಂಡು ಗೋಡೆಯ ಕಲ್ಲು ಹೊತ್ತರು.

ಪದ್ಮಲೆಯ ಬಾಣಂತನ ಮುಗಿದ ಮೇಲೆ ಒಂದು ಬೆಳಿಗ್ಗೆ ಅರಸ ಮೊಮ್ಮಗಳನ್ನು ಎತ್ತಿಕೊಂಡು ದಂಡೆಗೆ ಬಂದ. ಗೋಡೆಯಿದ್ದ ಜಾಗವನ್ನು ದಾಟಿ ಆಮೆ ತೆವಳಿದ ಹೊಸ ಗುರುತೊಂದು ಒಳಗೆ ಬಂದು, ತಿರುಗಿ ನೀರಿಗೆ ಹೋಗಿತ್ತು. ಅರಸ ಮಗುವನ್ನು ದಾದಿಯ ಕೈಗೆ ಕೊಟ್ಟು, ಜಟ್ಟುವಿನ ಕೈಯಿಂದ ಮಡಲು ಇಸಿದುಕೊಂಡ.