ಚಿನ್ನದ ಗಡಿಯಾರ ಕೈಗೇರಿದ ದಿನ

ತಪ್ಪು ಚಿನ್ನದ ಗಡಿಯಾರದ್ದೇ. ಕಪಾಟಿನಲ್ಲಿ ತನಗೆಂದೇ ಮಖಮಲ್ಲಿನ ಪೆಟ್ಟಿಗೆ ಇದ್ದರೂ ಅದು ಇನ್ನೊಬ್ಬರ ಜಾಗಕ್ಕೆ ಕಣ್ಣು ಹಾಕಿತು. ಆ ಜಾಗ ನರ್ಸ್ ಸಲೋಮಿಯ ಮಣಿಕಟ್ಟು. ಅಲ್ಲಿ ಅವಳ ತಾಯಿಯ ಕಾಲದ, ದಿನಾ ಕೀ ಕೊಡಬೇಕಾದ ಸಾದಾ ಗಡಿಯಾರ ಕೂತಿತ್ತು. ಅದನ್ನು ಕಂಡಾಗಲೆಲ್ಲ ಚಿನ್ನದ್ದಕ್ಕೆ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಒಂದು ಸಂಜೆ ಎರಡೂ ಮೇಜಿನ ಮೇಲೆ ಎದುರಾದವು.

“ಏನಜ್ಜಾ, ದಿನಾ ಬೆಳಿಗ್ಗೆ ಕಿವಿ ಹಿಂಡಿಸಿಕೊಂಡು ದುಡಿಯುತ್ತೀಯಲ್ಲ, ನಾಚಿಕೆಯಿಲ್ಲವೇ?” ಎಂದಿತು ಚಿನ್ನದ್ದು.

“ಹಿಂಡುವ ಬೆರಳು ಬೆಚ್ಚಗಿರುತ್ತದೆ ತಮ್ಮಾ. ನನಗೆ ಅಷ್ಟು ಸಾಕು.”

“ಆ ಕೈ ನನಗೆ ಸಲ್ಲಬೇಕಾದದ್ದು!”

“ಹಾಗಾದರೆ ನಾಳೆ ನೀನೇ ಹೋಗಿ ಬಾ. ನಾನು ನಿಂತಿರುತ್ತೇನೆ.”

ಬೆಳಿಗ್ಗೆ ಕೀ ಕೊಟ್ಟರೂ ಹಳೆಯದು ನಡೆಯಲಿಲ್ಲ. ಸಲೋಮಿ ಚಿನ್ನದ್ದನ್ನು ಕಟ್ಟಿಕೊಂಡಳು. ಬಸ್ಸಿನ ನೂಕುನುಗ್ಗಲು ಕಂಡದ್ದೇ ಕಳ್ಳರ ಭಯಕ್ಕೆ ಅದನ್ನು ಬಿಚ್ಚಿ, ಕರವಸ್ತ್ರದಲ್ಲಿ ಗಂಟು ಕಟ್ಟಿ, ಚೀಲದ ತಳಕ್ಕೆ ತುರುಕಿದಳು. ವಾರ್ಡಿನಲ್ಲಿ ಹಸುಗೂಸಿನ ನಾಡಿ ಎಣಿಸಲು ಹೊರತೆಗೆದು ನೋಡಿದರೆ ಅದಕ್ಕೆ ಸೆಕೆಂಡಿನ ಮುಳ್ಳೇ ಇಲ್ಲ, ಬರೀ ಹರಳುಗಳು!

“ಥೂ, ಇದ್ಯಾತಕ್ಕೆ ಬಂತು!” ಎಂದು ಮತ್ತೆ ಗಂಟು ಕಟ್ಟಿದಳು. ಪಕ್ಕದ ನರ್ಸಿನ ಗಡಿಯಾರ ಬೇಡಿ ತಂದು ನಾಡಿ ಎಣಿಸಿದಳು.

ಮರುದಿನ ಹಳೆಯದು ಎಂದಿನಂತೆ ಓಡಿತು, ಅವಳ ಕೈಯೇರಿ ಕೆಲಸಕ್ಕೆ ಹೋಯಿತು. ಕಪಾಟಿನೊಳಗೆ ಚಿನ್ನದ್ದು ಕಿರುಚಿತು: “ಅಲ್ಲಿ ನಾನಿರಬೇಕಿತ್ತು!”

ಇಷ್ಟಾದರೂ ಅದಕ್ಕೆ ಬುದ್ಧಿ ಬರಲಿಲ್ಲ. ನಿಮಗಾದರೂ ಬರಲಿ. ಪಕ್ಕದವರ ಕೈಯಿಂದ ಕಣ್ಣು ಕೀಳಿ. ನಿಮ್ಮಲ್ಲಿ ನಡೆಯುತ್ತಿರುವ ಗಡಿಯಾರವನ್ನೇ ಕಟ್ಟಿಕೊಂಡು ಈಗಲೇ ಕೆಲಸಕ್ಕೆ ಹೊರಡಿ.