ಮಡಕೆಗುಡ್ಡದ ಆರ್ಜವತೀರ್ಥ

ತ್ರೇತಾಯುಗದ ಉತ್ತರಾರ್ಧದಲ್ಲಿ, ನಮ್ಮ ಈ ಮಡಕೆಗುಡ್ಡಕ್ಕೆ ಇನ್ನೂ ಹೆಸರೇ ಇಲ್ಲದಿದ್ದ ಕಾಲದಲ್ಲಿ, ಇದರ ನೆತ್ತಿಯ ನಿರ್ಜಲ ಶಿಲಾಪೀಠದಲ್ಲಿದ್ದ ಸ್ವಯಂಭೂ ಲಿಂಗಕ್ಕೆ ತಪ್ಪಲಿನ ಹೊಳೆಯಿಂದ ದಿನವೂ ಒಂದು ಮಡಕೆ ನೀರು ಹೊತ್ತು ತಂದು ಅಭಿಷೇಕಗೈಯುವ ದ್ವಾದಶವರ್ಷದ ವ್ರತವನ್ನು ಕೈಗೊಂಡಿದ್ದ, ಮಹಾತಪಸ್ವಿಯೂ ಅಷ್ಟೇ ಮುಂಗೋಪಿಯೂ ಆದ ಸುವರ್ಚಸ ಮಹರ್ಷಿಯು, ವ್ರತದ ಕಟ್ಟಕಡೆಯ ದಿನ ಬರಿಗೈಯಲ್ಲಿ ಕುಂಬಾರಗಿತ್ತಿ ಕೆಂಚಮ್ಮನ ಅಂಗಳಕ್ಕೆ ಓಡಿಬಂದನು.

“ಮಡಕೆಯನ್ನು ಕೋತಿ ಒಡೆದುಹಾಕಿತಮ್ಮ! ಸೂರ್ಯ ನೆತ್ತಿಗೇರುವುದರೊಳಗೆ ಅಭಿಷೇಕವಾಗದಿದ್ದರೆ ಹನ್ನೆರಡು ವರ್ಷವೂ ವ್ಯರ್ಥ.”

ಮಡಕೆ ಸುಡುವ ಆವಿಗೆ ಇನ್ನೂ ಉರಿಯುತ್ತಿತ್ತು. ಸುಟ್ಟು ಸಿದ್ಧವಿದ್ದದ್ದು ಒಂದೇ ಮಡಕೆ. ಕೆಂಚಮ್ಮ ವಾಡಿಕೆಯಂತೆ ಬೆರಳ ಗೆಣ್ಣಿನಿಂದ ಅದನ್ನು ತಟ್ಟಿದಳು. ಠಣ್ ಎನ್ನಬೇಕಾದದ್ದು ಡೊಬ್ ಎಂದಿತು.

“ಸೀಳಿಗೆ ಅರಗು ಮೆತ್ತಿ ಕೊಟ್ಟುಬಿಡೇ,” ಎಂದು ಅತ್ತೆ ಪಿಸುಗುಟ್ಟಿದಳು. “ಸಿಟ್ಟು ಬಂದ್ರೆ ನಮ್ಮನ್ನೆಲ್ಲ ಬೂದಿ ಮಾಡ್ತಾನೆ ಆ ಗಡ್ಡದಪ್ಪ!”

ಆದರೂ ಕೆಂಚಮ್ಮ ಮಡಕೆಯನ್ನು ತಿರುಗಿಸಿ ಸೀಳನ್ನು ತೋರಿಸಿಯೇ ಬಿಟ್ಟಳು. “ಸ್ವಾಮಿ, ಇದು ಬಿರುಕು ಬಿಟ್ಟದೆ. ಶಾಪ ಕೊಡೋದಿದ್ರೆ ಕೊಡಿ. ಅರ್ಧ ದಾರಿಗೇ ನಿಮ್ಮ ಬೆನ್ನೆಲ್ಲ ಒದ್ದೆಯಾಗತ್ತೆ, ಆಮೇಲೆ ಹೇಳ್ಲಿಲ್ಲ ಅನ್ಬೇಡಿ.”

ಶಪಿಸಲೆಂದು ಮೇಲೆದ್ದಿದ್ದ ಮಹರ್ಷಿಯ ಹಸ್ತವು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತು, ಏನು ಮಾಡುವುದೆಂದು ತೋಚದೆ ಗಡ್ಡ ನೀವಿಕೊಂಡು ಕೆಳಗಿಳಿಯಿತು. ಆತನು ಅದೇ ಮಡಕೆಯಲ್ಲಿ ಹೊಳೆಯ ನೀರು ತುಂಬಿ ಹೆಗಲಿಗೇರಿಸಲು, ಕೆಂಚಮ್ಮ ಹಿಂದಿನಿಂದ ಸೀಳಿಗೆ ಅಂಗೈ ಒತ್ತಿಕೊಂಡೇ ಏರಿದಳು. ನೆತ್ತಿ ಮುಟ್ಟುವಾಗ ಮಹರ್ಷಿಯ ಬೆನ್ನು ತೊಯ್ದು ತೊಪ್ಪೆಯಾಗಿತ್ತು. ಮಡಕೆಯಲ್ಲಿ ಉಳಿದದ್ದು ಒಂದೇ ಹನಿ.

“ಅಮ್ಮಾ,” ಎಂದನು ಮಹರ್ಷಿ, ತಿರುಗಿ ನೋಡದೆ. “ಆ ಮಡಕೆ ಒಡೆದದ್ದು ಕೋತಿಯಲ್ಲ. ಕಾಲಿಗೆ ಮುಳ್ಳು ಚುಚ್ಚಿದ ಸಿಟ್ಟಿಗೆ ನಾನೇ ಎತ್ತಿ ಕುಕ್ಕಿದೆ.”

“ಅಯ್ಯೋ ನನ್ನಪ್ಪ, ಪಾಪದ ಕೋತಿ!” ಎಂದು ಕೆಂಚಮ್ಮ ನಕ್ಕುಬಿಟ್ಟಳು.

ಆ ಹನಿ ಲಿಂಗವನ್ನು ಮುಟ್ಟಿದೊಡನೆ ಅಶರೀರವಾಣಿಯಾಯಿತು: “ಒಳಗೊಂದು ಹೊರಗೊಂದು ಇಲ್ಲದೆ, ಎಲ್ಲಿ ತಟ್ಟಿದರೂ ಒಂದೇ ನಾದ ಹೊಮ್ಮುವ ನಡತೆಯ ಶುದ್ಧಿಯೇ ಆರ್ಜವ. ಬಿರುಕನ್ನು ಮುಚ್ಚಿಡದವಳಿಂದಲೂ, ಸುಳ್ಳನ್ನು ಹಿಂತೆಗೆದುಕೊಂಡವನಿಂದಲೂ ಈ ವ್ರತ ಪೂರ್ಣವಾಯಿತು.” ಮರುಕ್ಷಣವೇ ಬಂಡೆಯು ಆ ಮಡಕೆಯಂತೆಯೇ ಸೀಳಿ, ಶೀತಲಜಲಧಾರೆಯು ಹೊರಹೊಮ್ಮಿತು.

ಆ ಸೀಳಿನಿಂದ ಇಂದಿಗೂ ನೀರು ಜಿನುಗುತ್ತಿದೆ. ಭಕ್ತಾದಿಗಳು ಬಂಡೆಯನ್ನು ಗೆಣ್ಣಿನಿಂದ ತಟ್ಟಿ, ಪಕ್ಕದವರಿಗೆ ತಮ್ಮದೊಂದು ತಪ್ಪು ಹೇಳಿಯೇ ತೀರ್ಥ ಸ್ವೀಕರಿಸುವರು. ಸಂಕೋಚದವರು ಬಂಡೆಗೆ ಬಾಯಿಟ್ಟು ಹೇಳಿದರೂ ಸಾಕು. ಚೈತ್ರ ಪೂರ್ಣಿಮೆಯಂದು ಅರ್ಚಕರು ಬಿರುಕು ಮಡಕೆಯಲ್ಲೇ ನೀರು ಹೊತ್ತು, ಬೆನ್ನು ತೋಯಿಸಿಕೊಂಡು, ಎಲ್ಲರ ನಗುವಿನ ನಡುವೆ ಗುಡ್ಡ ಏರುವರು. ಅಂದಿನ ನೈವೇದ್ಯದ ಮೊದಲ ಬಾಳೆಗೊನೆ ಮಾತ್ರ ಮನುಷ್ಯರಿಗಲ್ಲ. ಮಹರ್ಷಿಯ ಪರವಾಗಿ ಕ್ಷಮೆ ಕೇಳಿ, ಅದನ್ನು ಗುಡ್ಡದ ಕೋತಿಗಳಿಗೆ ಸಮರ್ಪಿಸಲಾಗುವುದು.